ಐದು ಇಸ್ಪೀಟೋ, ಡಬಲ್ಲೋ? ಬ್ರಿಜ್ ಪಂದ್ಯದ ಕೂಗು ಮತ್ತು ಆಟದ ನಿರ್ಣಯಗಳು

2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್ ಮೊದಲ ಬಾರಿಗೆ ಪದಕದ ಆಟವಾಗಿ ಸೇರ್ಪಡೆಯಾಯಿತು. ಜಕಾರ್ತದಲ್ಲಿ ನಡೆದ ಆ ಸ್ಪರ್ಧೆಯ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನ ತಂದವರು 60 ವರ್ಷದ ಪ್ರಣವ್ ಬರ್ಧನ್ ಮತ್ತು 56 ವರ್ಷದ ಶಿಬನಾಥ್ ಸರ್ಕಾರ್. ಪುರುಷರ ತಂಡ ಹಾಗೂ ಮಿಶ್ರ ತಂಡಗಳಿಗೆ ಕಂಚು ದೊರೆಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಮುಂದಿನ ಕೂಟದಲ್ಲಿ ಪುರುಷರ ತಂಡ ಬೆಳ್ಳಿ ಗೆದ್ದಿತು. ಇಷ್ಟಾದರೂ ನಮ್ಮಲ್ಲಿ 'ಎಲೆ ಆಡುವವರು' ಎಂದರೆ ಹುಬ್ಬೇರಿಸುವವರೇ ಹೆಚ್ಚು. ಇಸ್ಪೀಟಾಟವೆಂದರೆ ಜೂಜು, ಜೂಜೆಂದರೆ ಅದೃಷ್ಟ ಎಂಬ ಭಾವನೆ ಅಷ್ಟು ಸುಲಭವಾಗಿ ಅಳಿಯುವಂಥದ್ದಲ್ಲ.

ಈ ಭಾವನೆಗೆ ನ್ಯಾಯಾಲಯಗಳು ನೀಡಿರುವ ಉತ್ತರ ಸ್ವಾರಸ್ಯಕರವಾಗಿದೆ. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಆಟಕ್ಕೆ ಸಂಬಂಧಿಸಿದ ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ ಪ್ರಕರಣದಲ್ಲಿ (1968ರ ಕಾನೂನು ವರದಿಗಳಲ್ಲಿ ಪ್ರಕಟ) ಸುಪ್ರೀಂ ಕೋರ್ಟ್, ರಮ್ಮಿಯಲ್ಲಿರುವ ಅದೃಷ್ಟದ ಅಂಶವನ್ನು ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವ ಅದೃಷ್ಟಕ್ಕೆ ಹೋಲಿಸಿ, ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ಹೇಳಿತು. ಅಂದರೆ ಬ್ರಿಜ್ ಕೌಶಲದ ಆಟವೆಂಬುದು ವಾದಕ್ಕೆ ಆಸ್ಪದವಿಲ್ಲದ ಅಳತೆಗೋಲಾಗಿತ್ತು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 176ನೇ ಕಲಮು ಕೂಡ ಶುದ್ಧ ಕೌಶಲದ ಆಟಗಳಿಗೆ ವಿನಾಯಿತಿ ನೀಡುತ್ತದೆ. 2021ರಲ್ಲಿ ರಾಜ್ಯ ಸರ್ಕಾರ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಕೇಂದ್ರ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವಾಗ ಕೌಶಲ, ಅದೃಷ್ಟ ಎಂಬ ಭೇದವನ್ನು ಪರಿಗಣಿಸಿಲ್ಲವೆಂಬುದು ಬೇರೆ ಮಾತು.

ಆದರೆ ಕೌಶಲವೆಂದರೆ ನಿಖರವಾಗಿ ಏನು? ಒಂದೇ ಒಂದು ಹಂಚಿಕೆಯನ್ನು ಕೈಗೆತ್ತಿಕೊಂಡು ನೋಡುವುದು ಇದಕ್ಕೆ ಉತ್ತಮ ಮಾರ್ಗ.

ಇಪ್ಪತ್ತೆಂಟು ಬಲ್ಲವರಿಗೆ

ಕರಾವಳಿಯಲ್ಲಿ, ಕಾಸರಗೋಡಿನ ಕಡೆ, ಹಾಗೆಯೇ ಅನೇಕ ವಿದ್ಯಾರ್ಥಿನಿಲಯಗಳಲ್ಲಿ 'ಇಪ್ಪತ್ತೆಂಟು' ಆಡಿದವರಿಗೆ ಬ್ರಿಜ್‌ನ ಅರ್ಧ ಭಾಗ ಈಗಾಗಲೇ ಗೊತ್ತು. ನಾಲ್ವರು, ಎದುರುಬದುರು ಕುಳಿತ ಎರಡು ಜೋಡಿ, ಮೊದಲು ಕೂಗು, ಬಳಿಕ ಆಟ. ಇಪ್ಪತ್ತೆಂಟರಲ್ಲಿ 32 ಎಲೆಗಳು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ತಲಾ 1 ಅಂಕ. ತುರುಪಿನ ಎಲೆಯನ್ನು ಮಗುಚಿಟ್ಟು ಗುಟ್ಟಾಗಿಡಲಾಗುತ್ತದೆ. ಬ್ರಿಜ್‌ನಲ್ಲಿ 52 ಎಲೆಗಳೂ ಆಟದಲ್ಲಿರುತ್ತವೆ, ತುರುಪು ಎಲ್ಲರಿಗೂ ತಿಳಿದಿರುತ್ತದೆ, ಎಣಿಕೆಗೆ ಬರುವುದು ಎಲೆಯ ಅಂಕವಲ್ಲ, ಗೆದ್ದ ಸುತ್ತು, ಅಂದರೆ ಟ್ರಿಕ್. ಒಟ್ಟು 13 ಟ್ರಿಕ್‌ಗಳಲ್ಲಿ ಮೊದಲ ಆರನ್ನು ಬಿಟ್ಟು ಎಷ್ಟು ಗೆಲ್ಲುವೆವೆಂಬುದೇ ಕೂಗು. ನಾಲ್ಕು ಇಸ್ಪೀಟು ಎಂದರೆ ಇಸ್ಪೀಟು ತುರುಪಾಗಿ ಹತ್ತು ಟ್ರಿಕ್ ಗೆಲ್ಲುವ ಒಪ್ಪಂದ. ಕೂಗು ಮುಗಿದು ಮೊದಲ ಎಲೆ ಬಿದ್ದೊಡನೆ ಆಟ ನಡೆಸುವವರ ಜೊತೆಗಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ಸುಮ್ಮನಾಗುತ್ತಾನೆ. ಅವನೇ ಡಮ್ಮಿ.

ಇಂದು ಆಡುವ ಕಾಂಟ್ರ್ಯಾಕ್ಟ್ ಬ್ರಿಜ್‌ನ ಅಂಕಪದ್ಧತಿಯನ್ನು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ಹಡಗು ಪ್ರಯಾಣವೊಂದರಲ್ಲಿ ರೂಪಿಸಿದರು. 1868ರಷ್ಟು ಹಳೆಯದಾದ ಬೆಂಗಳೂರು ಕ್ಲಬ್, ಬೌರಿಂಗ್ ಇನ್‌ಸ್ಟಿಟ್ಯೂಟ್‌ಗಳು, 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಸ್ಥಾಪಿಸಿದ ಸೆಂಚುರಿ ಕ್ಲಬ್, ಇವೆಲ್ಲವೂ ವಯಸ್ಸಿನಲ್ಲಿ ಈ ಆಟಕ್ಕಿಂತ ಹಿರಿಯವು ಎಂಬುದು ಗಮನಾರ್ಹ. ದಂಡುಪ್ರದೇಶದ ಕ್ಲಬ್ಬುಗಳ ಸದಸ್ಯತ್ವವಿಲ್ಲದವರಿಗೆ ಈಗ ಬ್ರಿಜ್ ಬೇಸ್ ಆನ್‌ಲೈನ್‌ನಂಥ ತಾಣಗಳಿವೆ. ಹೊರವರ್ತುಲ ರಸ್ತೆಯ ದಟ್ಟಣೆಯನ್ನು ದಾಟಿ ಬರುವ ಶ್ರಮವೂ ಅಲ್ಲಿಲ್ಲ.

ಹೊರಮಾವಿನ ಎರಡು ಮೇಜು

ಹೊರಮಾವಿನ ವಸತಿ ಸಮುಚ್ಚಯವೊಂದರಲ್ಲಿ ಎರಡು ತಂಡಗಳ ಪಂದ್ಯ ನಡೆಯುತ್ತಿದೆಯೆಂದು ಭಾವಿಸೋಣ. ಮೇಲಿನ ಮಹಡಿಯ ಮನೆಯಲ್ಲಿ ಒಂದು ಮೇಜು, ಕೆಳಗಿನ ಮನೆಯಲ್ಲಿ ಇನ್ನೊಂದು. ಎರಡೂ ಮೇಜುಗಳಲ್ಲಿ ಅವೇ ಎಲೆಗಳು. ಮೇಲೆ ನಮ್ಮ ತಂಡದ ಜೋಡಿ ಉತ್ತರ-ದಕ್ಷಿಣ, ಕೆಳಗೆ ನಮ್ಮ ಇನ್ನೊಂದು ಜೋಡಿ ಪೂರ್ವ-ಪಶ್ಚಿಮ. ಒಳ್ಳೆಯ ಎಲೆ ಬಂತು, ಕೆಟ್ಟ ಎಲೆ ಬಂತು ಎಂಬ ದೂರಿಗೆ ಇಲ್ಲಿ ಅವಕಾಶವೇ ಇಲ್ಲ; ಒಂದೇ ಎಲೆಯಿಂದ ಯಾರು ಏನು ಮಾಡಿದರೆಂಬುದಷ್ಟೇ ಫಲಿತಾಂಶ. ಎರಡು ಮೇಜುಗಳ ಅಂಕಗಳ ವ್ಯತ್ಯಾಸವನ್ನು ಐಎಂಪಿ ಎಂಬ ಇಳಿಕೆಯ ಮಾಪನಕ್ಕೆ ಪರಿವರ್ತಿಸಲಾಗುತ್ತದೆ: 20-40 ಅಂಕಕ್ಕೆ 1, 130-160ಕ್ಕೆ 4, 600-740ಕ್ಕೆ 12, ಹೀಗೆ.

ಕೊನೆಯ ಹಂಚಿಕೆ. ನಮ್ಮ ತಂಡ 3 ಐಎಂಪಿ ಹಿಂದಿದೆ. ಉತ್ತರ-ದಕ್ಷಿಣ ವಲ್ನರಬಲ್, ಅಂದರೆ ಗೆದ್ದರೆ ಬಹುಮಾನವೂ ಸೋತರೆ ದಂಡವೂ ಹೆಚ್ಚು. ಪೂರ್ವ-ಪಶ್ಚಿಮ ಹಾಗಲ್ಲ. ವಿವರಣೆಗೆಂದೇ ಜೋಡಿಸಿದ ಎಲೆಗಳು ಇವು:

ಉತ್ತರ: ಇಸ್ಪೀಟು ರಾಜ, ಗುಲಾಮ, 7, 2; ಆಟೀನು 8, 5; ಡೈಮಂಡ್ ರಾಜ, 9, 7, 4; ಕಲಾವರ್ ರಾಜ, 10, 6.

ದಕ್ಷಿಣ: ಇಸ್ಪೀಟು ಎಕ್ಕ, ರಾಣಿ, 10, 8, 4, ಆಟೀನು 7, 3, ಡೈಮಂಡ್ ಎಕ್ಕ, 6, ಕಲಾವರ್ ಎಕ್ಕ, ಗುಲಾಮ, 8, 5.

ಪಶ್ಚಿಮ: ಇಸ್ಪೀಟು 3, ಆಟೀನು ರಾಜ, ರಾಣಿ, ಗುಲಾಮ, 9, 6, 2, ಡೈಮಂಡ್ 10, 8, 5, 2, ಕಲಾವರ್ 3, 2.

ಪೂರ್ವ: ಇಸ್ಪೀಟು 9, 6, 5, ಆಟೀನು ಎಕ್ಕ, 10, 4, ಡೈಮಂಡ್ ರಾಣಿ, ಗುಲಾಮ, 3, ಕಲಾವರ್ ರಾಣಿ, 9, 7, 4.

ಪಶ್ಚಿಮ ಎರಡು ಆಟೀನು ಕೂಗಿ ಆರಂಭಿಸುತ್ತಾನೆ. ಇದು ದುರ್ಬಲ ಕೈಯ ಕೂಗು: ಆರು ಆಟೀನು ಇದೆ, ಬಲ ಹೆಚ್ಚಿಲ್ಲ, ಎದುರಾಳಿಗಳ ಮಾತುಕತೆಯ ಜಾಗವನ್ನು ಕಬಳಿಸುವುದೇ ಉದ್ದೇಶ. ಉತ್ತರ ಪಾಸ್, ಪೂರ್ವ ಮೂರು ಆಟೀನು, ದಕ್ಷಿಣ ಮೂರು ಇಸ್ಪೀಟು, ಪಶ್ಚಿಮ ಪಾಸ್, ಉತ್ತರ ನಾಲ್ಕು ಇಸ್ಪೀಟು. ಈಗ ಪೂರ್ವ ಐದು ಆಟೀನು ಎನ್ನುತ್ತಾನೆ.

ಪೂರ್ವನಿಗೆ ಹನ್ನೊಂದು ಟ್ರಿಕ್ ಗೆಲ್ಲುವ ಭ್ರಮೆಯೇನೂ ಇಲ್ಲ. ನಾಲ್ಕು ಇಸ್ಪೀಟು ಗೆದ್ದರೆ ನಮಗೆ 620 ಅಂಕ. ಐದು ಆಟೀನು ಡಬಲ್ ಆಗಿ ಮೂರು ಟ್ರಿಕ್ ಕೊರತೆಯಾದರೆ ಅವನು ಕೊಡಬೇಕಾದದ್ದು 500. ಅಲ್ಲಿಗೆ 120 ಉಳಿಯಿತು. ನಾಲ್ಕು ಟ್ರಿಕ್ ಕೊರತೆಯಾದರೆ ದಂಡ 800ಕ್ಕೇರಿ ಬಲಿಯ ಕೂಗು ತನಗೇ ಬಲಿಯಾಗುತ್ತದೆ. ಒಂದು ಟ್ರಿಕ್‌ನ ಅಂತರದ ಮೇಲೆ ನಿಂತ ಸಾಹಸವಿದು.

ದಕ್ಷಿಣನ ಮುಂದಿನ ಪ್ರಶ್ನೆ

ಡಬಲ್ ಹೇಳಬೇಕೋ, ಐದು ಇಸ್ಪೀಟು ಕೂಗಬೇಕೋ? ಸ್ವಂತ ಕೈಯಲ್ಲಿ 15 ಅಂಕಗಳಿವೆ (ಎಕ್ಕ 4, ರಾಜ 3, ರಾಣಿ 2, ಗುಲಾಮ 1 ಎಂಬ ರೂಢಿಯ ಎಣಿಕೆ), ಜೊತೆಗಾರ ಬೆಂಬಲಿಸಿದ್ದಾನೆ. ಹುರುಪಿನ ಆಟಗಾರನ ಕೈ ಐದು ಇಸ್ಪೀಟಿನ ಕಡೆಗೇ ಹೋಗುತ್ತದೆ. ಆದರೆ ದಕ್ಷಿಣ ನೋಡಬೇಕಾದದ್ದು ತನ್ನ ಎಕ್ಕಗಳನ್ನಲ್ಲ, ಆಟೀನಿನ ಆ ಎರಡು ಬಡಕಲು ಎಲೆಗಳನ್ನು. ಪಶ್ಚಿಮನಲ್ಲಿ ಆರು, ಪೂರ್ವನಲ್ಲಿ ಮೂರೋ ನಾಲ್ಕೋ. ಮೂರಾದರೆ ಉತ್ತರನಲ್ಲಿಯೂ ಎರಡು. ಎರಡು ಟ್ರಿಕ್ ಸೋಲು ಖಚಿತ, ಉಳಿದ ಹನ್ನೊಂದನ್ನೂ ಗೆಲ್ಲಲೇಬೇಕು. ನಾಲ್ಕಾದರೆ ಉತ್ತರನಲ್ಲಿ ಒಂದೇ. ಆಗ ಐದು ಇಸ್ಪೀಟು ಬಹಳ ಸಲೀಸು. ಎದುರಾಳಿಗಳ ರಂಗಿನಲ್ಲಿ ಎರಡು ಎಲೆ ಹಿಡಿದವನು ಐದನೆಯ ಹಂತಕ್ಕೆ ಏರಲು ಅತ್ಯಂತ ಅಯೋಗ್ಯನೆಂದು ಅನುಭವಿಗಳು ಹೇಳುವುದು ಈ ಕಾರಣಕ್ಕೆ.

ಇನ್ನೊಂದು ಅಳತೆಯೂ ಇದೆ. ಎರಡು ಕಡೆಯವರೂ ತಮ್ಮ ತಮ್ಮ ಅತಿ ಉದ್ದದ ರಂಗನ್ನು ತುರುಪಾಗಿಸಿಕೊಂಡರೆ ಗೆಲ್ಲಬಹುದಾದ ಟ್ರಿಕ್‌ಗಳ ಮೊತ್ತವು, ಆ ಎರಡು ರಂಗುಗಳಲ್ಲಿ ಅವರು ಹಿಡಿದಿರುವ ಎಲೆಗಳ ಮೊತ್ತಕ್ಕೆ ಹತ್ತಿರವಿರುತ್ತದೆ. ಫ್ರಾನ್ಸಿನ ಜಾನ್ ರೆನೆ ವರ್ನ್ 1960ರ ದಶಕದಲ್ಲಿ ಮಂಡಿಸಿದ ಈ ಸೂತ್ರವನ್ನು ಅಮೆರಿಕದ ಲ್ಯಾರಿ ಕೋಹೆನ್ 1992ರ ತಮ್ಮ ಪುಸ್ತಕದ ಮೂಲಕ ಮನೆಮಾತಾಗಿಸಿದರು. ಇಲ್ಲಿ ನಮಗೆ ಒಂಬತ್ತು ಇಸ್ಪೀಟು, ಅವರಿಗೆ ಒಂಬತ್ತು ಆಟೀನು, ಒಟ್ಟು 18. ನಾವು 11 ಗೆದ್ದರೆ ಅವರಿಗೆ 7. ನಾವು 10 ಗೆದ್ದರೆ ಅವರಿಗೆ 8. ಎರಡೂ ಪಕ್ಷದಲ್ಲಿ ಡಬಲ್ ಹೇಳಿದವನಿಗೆ 500 ಅಥವಾ 800 ಕಟ್ಟಿಟ್ಟದ್ದು.

ಲೆಕ್ಕವನ್ನು ಇನ್ನಷ್ಟು ಬಿಗಿಯಾಗಿ ನೋಡೋಣ. ಕೆಳಗಿನ ಮೇಜಿನಲ್ಲಿ ಎದುರು ತಂಡದ ಉತ್ತರ-ದಕ್ಷಿಣ ಜೋಡಿ ಡಬಲ್ ಹೇಳಿ 500 ಪಡೆದಿದೆ ಎಂದುಕೊಳ್ಳಿ. ನಾವು ಐದು ಇಸ್ಪೀಟು ಗೆದ್ದರೆ 650. ವ್ಯತ್ಯಾಸ 150, ಲಾಭ 4 ಐಎಂಪಿ. ಸೋತರೆ 100 ದಂಡ. ವ್ಯತ್ಯಾಸ 600, ನಷ್ಟ 12 ಐಎಂಪಿ. ನಾಲ್ಕರ ಆಸೆಗೆ ಹನ್ನೆರಡನ್ನು ಒಡ್ಡುವವನು ನೂರಕ್ಕೆ 75 ಸಲ ಗೆಲ್ಲುವಂತಿರಬೇಕು. ಅಲ್ಲಿ ಪೂರ್ವ ಐದು ಆಟೀನು ಕೂಗದೆ ನಾಲ್ಕು ಇಸ್ಪೀಟೇ ನಡೆದು 620 ಬಂದಿದ್ದರೆ, ಡಬಲ್‌ನಿಂದ 500 ಪಡೆದ ನಮಗೆ 3 ಐಎಂಪಿ ನಷ್ಟ. ಐದು ಇಸ್ಪೀಟಿನಿಂದ 1 ಲಾಭ ಇಲ್ಲವೇ 12 ನಷ್ಟ. ಆಗಲೂ ಸುಮಾರು 69 ಪ್ರತಿಶತ ಸಂಭವ ಬೇಕು.

ಮೇಲಿನ ಮೇಜಿನ ದಕ್ಷಿಣ ಐದು ಇಸ್ಪೀಟು ಎಂದೇಬಿಟ್ಟ. ಪಂದ್ಯದಲ್ಲಿ ಹಿಂದಿರುವವನ ಮನಸ್ಸು ಹೀಗೆಯೇ ಓಡುವುದು. ಹಿಂದಿದ್ದೇವೆಂಬ ಕಾರಣಕ್ಕೆ ಸಂಭವದ ಲೆಕ್ಕ ಬದಲಾಗದೆಂದು ಶುದ್ಧಾಂಗವಾಗಿ ವಾದಿಸುವವರುಂಟು. ಕೊನೆಯ ಹಂಚಿಕೆಯಲ್ಲಿ ಆ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಮೂರು ಹಿಂದಿರುವವನಿಗೆ ಸಮಾನ ಫಲಿತಾಂಶವೂ ಸೋಲೇ. ಕೆಳಗೆ 500 ಬಂದಿದೆಯೆಂಬ ಸಂದೇಹವಿದ್ದರೆ ಸಾಹಸಕ್ಕೆ ಅರ್ಥವಿದೆ. ಆದರೆ ಅಂಕಪಟ್ಟಿಯನ್ನು ಯಾರೂ ಮುಂದೆ ಇಟ್ಟಿರುವುದಿಲ್ಲ. ಮೇಜಿನಲ್ಲಿ ಕುಳಿತವನಿಗೆ ಗೊತ್ತಿರುವುದು ಊಹೆ ಮಾತ್ರ.

ಹದಿಮೂರು ಸುತ್ತು

ಪಶ್ಚಿಮ ಆಟೀನಿನ ರಾಜನನ್ನು ಇಳಿಸಿ ಗೆಲ್ಲುತ್ತಾನೆ, ಎರಡನೆಯ ಆಟೀನನ್ನು ಪೂರ್ವ ಎಕ್ಕದಿಂದ ಗೆಲ್ಲುತ್ತಾನೆ. ಉತ್ತರನ ಎಲೆಗಳನ್ನು ನೋಡಿದ ದಕ್ಷಿಣನಿಗೆ ಚಿತ್ರ ಸ್ಪಷ್ಟ: ಉಳಿದ ಹನ್ನೊಂದರಲ್ಲಿ ಒಂದನ್ನೂ ಬಿಡುವಂತಿಲ್ಲ, ಮತ್ತು ಎಲ್ಲವೂ ಕಲಾವರ್ ರಾಣಿ ಯಾರ ಬಳಿ ಇದೆಯೆಂಬುದರ ಮೇಲೆ ನಿಂತಿದೆ. ಎಕ್ಕ-ಗುಲಾಮ ಈ ಕಡೆ, ರಾಜ-ಹತ್ತು ಆ ಕಡೆ ಇರುವುದರಿಂದ ರಾಣಿಯನ್ನು ಎರಡು ಬದಿಯಿಂದಲೂ ಹಿಡಿಯಬಹುದು. ತಪ್ಪು ಬದಿಯನ್ನು ಆಯ್ದರೆ ಆಟ ಮುಗಿದಂತೆ.

ಹೊಸಬನು ಇಲ್ಲಿ ನಾಣ್ಯ ಚಿಮ್ಮುತ್ತಾನೆ. ಬಲ್ಲವನು ಕಲಾವರನ್ನು ಮುಟ್ಟುವುದೇ ಇಲ್ಲ. ಮೊದಲು ಉಳಿದ ಮೂರು ರಂಗುಗಳನ್ನು ಎಣಿಸಿ ಮುಗಿಸುತ್ತಾನೆ.

ಮೂರನೆಯ ಸುತ್ತಿಗೆ ಪೂರ್ವ ಡೈಮಂಡ್ ರಾಣಿಯನ್ನು ಇಳಿಸಿದ. (ಕಲಾವರ್ ಇಳಿಸಿದ್ದರೆ ದಕ್ಷಿಣನ ಕಷ್ಟವನ್ನು ತಾನೇ ಬಿಡಿಸಿಕೊಟ್ಟಂತಾಗುತ್ತಿತ್ತು; ಪೂರ್ವ ಅಷ್ಟು ಉದಾರಿಯಲ್ಲ.) ದಕ್ಷಿಣ ಎಕ್ಕದಿಂದ ಗೆದ್ದ. ಇಸ್ಪೀಟಿನ ಎಕ್ಕ: ಎಲ್ಲರೂ ರಂಗು ಹಾಕಿದರು. ಇಸ್ಪೀಟು 4ರಿಂದ ಉತ್ತರನ ಗುಲಾಮನತ್ತ: ಪಶ್ಚಿಮ ಆಟೀನು ಎಸೆದ. ಪಶ್ಚಿಮನಲ್ಲಿ ಇಸ್ಪೀಟು ಒಂದೇ ಎಂದು ತಿಳಿಯಿತು. ಪೂರ್ವನಲ್ಲಿ ಇನ್ನೊಂದು ತುರುಪು ಉಳಿದಿದೆ, ಅದು 9.

ಈ ಹಂತದಲ್ಲಿ ಆ ಕೊನೆಯ ತುರುಪನ್ನು ಸೆಳೆದು ನೆಮ್ಮದಿಯಾಗಿರೋಣವೆನ್ನಿಸುವುದು ಸಹಜ. ಅದೇ ತಪ್ಪು. ಉತ್ತರನ ಡೈಮಂಡುಗಳನ್ನು ಎರಡು ಬಾರಿ ಕೈಯಲ್ಲಿ ತುರುಪು ಹಾಕಿ ಕತ್ತರಿಸಬೇಕು; ಅದಕ್ಕೆ ಉತ್ತರನ ಕೈಗೆ ಮತ್ತೊಮ್ಮೆ ಹೋಗುವ ದಾರಿ ಬೇಕು, ಇಸ್ಪೀಟಿನ ರಾಜನೇ ಆ ದಾರಿ. ಆದ್ದರಿಂದ ಮೊದಲು ಡೈಮಂಡ್ ರಾಜ, ಬಳಿಕ ಡೈಮಂಡ್ 7ನ್ನು ಇಸ್ಪೀಟು 10ರಿಂದ ಕತ್ತರಿಸುವುದು. 8ರಿಂದಲ್ಲ, 10ರಿಂದ: ಪೂರ್ವನಲ್ಲಿ ಡೈಮಂಡ್ ಮುಗಿದಿದ್ದರೆ ಅವನ 9 ಮೇಲೆ ಬೀಳದಿರಲೆಂದು. ಪೂರ್ವ ಗುಲಾಮನನ್ನು ಹಾಕಿದ. ಈಗ ಇಸ್ಪೀಟು 8ರಿಂದ ರಾಜನತ್ತ. ಪೂರ್ವನ 9 ಬಿತ್ತು. ಡೈಮಂಡ್ 9ನ್ನು ಇಳಿಸಿ ಇಸ್ಪೀಟು ರಾಣಿಯಿಂದ ಕತ್ತರಿಸಿದಾಗ ಪೂರ್ವ ಆಟೀನು ಎಸೆದ, ಪಶ್ಚಿಮನ ಡೈಮಂಡ್ 10 ಬಿತ್ತು.

ಇನ್ನು ನಾಲ್ಕು ಸುತ್ತು ಮಾತ್ರ. ಪಶ್ಚಿಮನ ಕೈಯಲ್ಲಿ ಆರು ಆಟೀನು (ಅವನೇ ಕೂಗಿ ಹೇಳಿದ್ದ), ಒಂದು ಇಸ್ಪೀಟು, ನಾಲ್ಕು ಡೈಮಂಡ್. ಹನ್ನೊಂದು. ಅವನಲ್ಲಿ ಕಲಾವರ್ ಎರಡೇ. ಪೂರ್ವನಲ್ಲಿ ಮೂರು, ಮೂರು, ಮೂರು, ಕಲಾವರ್ ನಾಲ್ಕು. ಕಾಣದ ಆರು ಕಲಾವರುಗಳಲ್ಲಿ ನಾಲ್ಕು ಪೂರ್ವನ ಬಳಿ ಇರುವಾಗ ರಾಣಿ ಅವನಲ್ಲಿರುವ ಸಂಭವ ಮೂರರಲ್ಲಿ ಎರಡು ಪಾಲು. ಕಲಾವರ್ 5ರಿಂದ ರಾಜನತ್ತ ಹೋಗಿ, ಉತ್ತರನಿಂದ 10ನ್ನು ಇಳಿಸುವುದು. ಪೂರ್ವ ರಾಣಿಯಿಂದ ಮುಚ್ಚಿದರೆ ಎಕ್ಕ, ಗುಲಾಮ, ಮತ್ತು ಕೊನೆಯ ಕಲಾವರಿಗೆ ಉತ್ತರನ ಇಸ್ಪೀಟು 7. ಮುಚ್ಚದಿದ್ದರೆ 10 ಗೆಲ್ಲುತ್ತದೆ, ಮತ್ತೆ ಗುಲಾಮನತ್ತ. ಹನ್ನೊಂದು ಟ್ರಿಕ್. 650.

ಕೆಳಗಿನ ಮೇಜಿನಲ್ಲಿ

ಅಲ್ಲಿನ ದಕ್ಷಿಣ ಡಬಲ್ ಹೇಳಿದ್ದ. ಉತ್ತರ ಇಸ್ಪೀಟು 2ನ್ನು ಇಳಿಸಿದ, ದಕ್ಷಿಣ ಎಕ್ಕದಿಂದ ಗೆದ್ದು ಮತ್ತೊಂದು ಇಸ್ಪೀಟನ್ನೇ ಇಳಿಸಿದ. ನಮ್ಮ ಪಶ್ಚಿಮ ಅದನ್ನು ಕತ್ತರಿಸಿ, ತುರುಪು ಸೆಳೆದು, ಒಂದು ಇಸ್ಪೀಟು, ಎರಡು ಡೈಮಂಡ್, ಎರಡು ಕಲಾವರ್ ಬಿಟ್ಟುಕೊಟ್ಟು ಎಂಟು ಟ್ರಿಕ್ ಗೆದ್ದ. ದಂಡ 500. ವ್ಯತ್ಯಾಸ 150, ನಮಗೆ 4 ಐಎಂಪಿ. ಮೂರು ಹಿಂದಿದ್ದ ತಂಡ ಒಂದರಿಂದ ಗೆದ್ದಿತು.

ಗೆದ್ದವರು ಈಗ ಮೇಲಿನ ದಕ್ಷಿಣನ ಬೆನ್ನು ತಟ್ಟುತ್ತಾರೆ. ಆಟಕ್ಕೆ ತಟ್ಟಲಿ, ಅದು ನಿರ್ದೋಷ. ಕೂಗಿಗೆ ತಟ್ಟುವ ಮುನ್ನ ಯೋಚಿಸಬೇಕು. ಎಲ್ಲವನ್ನೂ ಎಣಿಸಿದ ಮೇಲೂ ಕೈಗೆ ಬಂದದ್ದು ನೂರಕ್ಕೆ 67. ಬೇಕಾಗಿದ್ದದ್ದು 69 ಅಥವಾ 75. ಅಷ್ಟೇ ಅಲ್ಲ, ಕೆಳಗಿನ ದಕ್ಷಿಣ ಇಸ್ಪೀಟು ಎಕ್ಕ ಗೆದ್ದೊಡನೆ ಡೈಮಂಡ್ ಎಕ್ಕ, ಆಮೇಲೆ ಡೈಮಂಡ್ 6ರಿಂದ ಉತ್ತರನ ರಾಜನತ್ತ ಹೋಗಿ, ಮೂರನೆಯ ಡೈಮಂಡನ್ನು ಪುಟ್ಟ ಆಟೀನಿನಿಂದ ಕತ್ತರಿಸಿದ್ದರೆ ಕೊರತೆ ನಾಲ್ಕು, ದಂಡ 800. ಆಗ ಇದೇ ಅದ್ಭುತ ಐದು ಇಸ್ಪೀಟು 4 ಐಎಂಪಿ ಕಳೆದುಕೊಂಡಿರುತ್ತಿತ್ತು. ಮೇಲಿನವನು ಗೆದ್ದದ್ದು ಕೆಳಗಿನವನ ಒಂದು ಎಲೆಯ ಮೈಮರೆವಿನಿಂದ.

ಫಲಿತಾಂಶ ಬೇರೆ, ನಿರ್ಣಯ ಬೇರೆ ಎಂಬುದಕ್ಕೆ ವಿಶ್ವಮಟ್ಟದ ನಿದರ್ಶನ 1975ರ ಬರ್ಮುಡಾ ಬೌಲ್ ಅಂತಿಮ ಪಂದ್ಯ. ಇಟಲಿಯ ಬೆಲ್ಲಡೋನಾ ಮತ್ತು ಗರೋಝೊ ಜೋಡಿ ಹದಿಮೂರೂ ಟ್ರಿಕ್ ಗೆಲ್ಲುವ ಏಳು ಕಲಾವರಿಗೆ ಏರಿದಾಗ ತುರುಪಿನ ರಾಜನೇ ಅವರಲ್ಲಿರಲಿಲ್ಲ. ವಲ್ನರಬಲ್ ಇರುವಾಗ ಇಂಥ ಕೂಗಿಗೆ ಸುಮಾರು 57 ಪ್ರತಿಶತ ಸಂಭವ ಬೇಕು. ಇಲ್ಲಿ ಅರ್ಧಕ್ಕಿಂತ ಬಹಳ ಕಡಿಮೆ ಇತ್ತು. ಆದರೆ ಅಮೆರಿಕದ ಎಡ್ಡಿ ಕಾಂಟರ್ ಕೈಯಲ್ಲಿ ರಾಜ ಒಂದೇ ಒಂದು ಎಲೆಯ ಜತೆ, ಇಟಲಿಗೆ ಬೇಕಾದ ಬದಿಯಲ್ಲಿಯೇ ಕುಳಿತಿದ್ದ. ಇಟಲಿ ಗೆದ್ದಿತು, ಪಂದ್ಯವನ್ನೂ ಗೆದ್ದಿತು. ಆ ಕೂಗನ್ನು ಮಾದರಿಯೆಂದು ಯಾವ ಪಾಠಪುಸ್ತಕವೂ ಹೊಗಳುವುದಿಲ್ಲ.

ಇದೇ ಹಂಚಿಕೆಯನ್ನು ತಂಡದ ಬದಲು ಜೋಡಿಗಳ ಸ್ಪರ್ಧೆಯಲ್ಲಿ ಆಡಿದರೆ ತೀರ್ಮಾನವೇ ಬೇರೆಯಾದೀತು. ಅಲ್ಲಿ ಎಷ್ಟು ಅಂಕದಿಂದ ಮೇಲಾದೆವೆಂಬುದು ಗಣನೆಗೆ ಬರುವುದಿಲ್ಲ, ಎಷ್ಟು ಜೋಡಿಗಳಿಗಿಂತ ಮೇಲಾದೆವೆಂಬುದು ಮಾತ್ರ. ಬೇರೆ ಮೇಜುಗಳಲ್ಲಿ ನಾಲ್ಕು ಇಸ್ಪೀಟಿಗೆ 620 ಬರುತ್ತಿರುವಾಗ 500ನ್ನು ಒಪ್ಪಿಕೊಂಡವನು ಬಹುತೇಕ ಕೊನೆಯ ಸಾಲಿನಲ್ಲಿ. ಐದು ಇಸ್ಪೀಟು ಗೆದ್ದು 650 ತಂದವನು ಮೊದಲ ಸಾಲಿನಲ್ಲಿ. 30 ಅಂಕ ತಂಡದಾಟದಲ್ಲಿ ಒಂದು ಐಎಂಪಿ. ಜೋಡಿಯಾಟದಲ್ಲಿ ಅದೇ ಸರ್ವಸ್ವ. ಅಲ್ಲಿ ಮೂರರಲ್ಲಿ ಎರಡು ಪಾಲು ಧಾರಾಳವಾಗಿ ಸಾಕು.

ಈ ಎಲ್ಲ ಲೆಕ್ಕಕ್ಕೆ ಆಧಾರವಾಗಿರುವುದು ಒಂದೇ ನಿಯಮ: ಜೊತೆಗಾರರ ನಡುವೆ ಕೂಗು ಮತ್ತು ಎಲೆಯ ಹೊರತು ಬೇರೆ ಸಂದೇಶ ಸಲ್ಲದು, ಕೂಗಿನ ಅರ್ಥ ಎದುರಾಳಿಗೂ ತಿಳಿದಿರಬೇಕು. ದೊಡ್ಡ ಸ್ಪರ್ಧೆಗಳಲ್ಲಿ ಬಾಯಿಯಿಂದ ಕೂಗದೆ ಪೆಟ್ಟಿಗೆಯ ಚೀಟಿಗಳನ್ನು ಇಡುವುದು, ಜೊತೆಗಾರರ ನಡುವೆ ಮೇಜಿಗೆ ಅಡ್ಡ ಪರದೆ ನಿಲ್ಲಿಸುವುದು ಇದಕ್ಕಾಗಿಯೇ. 2015ರಲ್ಲಿ ನೆರೆಯ ಚೆನ್ನೈಯಲ್ಲಿ ವಿಶ್ವ ತಂಡ ಚಾಂಪಿಯನ್‌ಶಿಪ್ ನಡೆಯುವ ಹೊತ್ತಿಗೆ ಐರೋಪ್ಯ ಆಟಗಾರರ ಮೇಲೆ ಸಂಜ್ಞೆಗಳ ಆರೋಪಗಳೆದ್ದು ಇಸ್ರೇಲ್, ಮೊನಾಕೊ ಮತ್ತು ಜರ್ಮನಿ ಬರ್ಮುಡಾ ಬೌಲ್‌ನಿಂದ ಹಿಂದೆ ಸರಿದವು. ಪ್ರಶಸ್ತಿ ಪೋಲೆಂಡಿಗೆ ಹೋಯಿತು.

ಹೊರಮಾವಿನ ಮೇಜಿಗೆ ಮರಳಿದರೆ, ಉತ್ತರನ ಆಟೀನು 5 ಪೂರ್ವನಿಗೆ ಹೋಗಿ, ಪೂರ್ವನ ಡೈಮಂಡ್ 3 ಉತ್ತರನಿಗೆ ಬಂದಿದ್ದರೆ ಐದು ಇಸ್ಪೀಟಿಗೆ ಕಲಾವರ್ ರಾಣಿಯ ಚಿಂತೆಯೇ ಇರುತ್ತಿರಲಿಲ್ಲ. ಒಂದು ಆಟೀನು, ಹೆಚ್ಚೆಂದರೆ ಒಂದು ಕಲಾವರ್ ಸೋತು ಹನ್ನೊಂದು ಟ್ರಿಕ್ ಬರುತ್ತಿತ್ತು. ದಕ್ಷಿಣನ ಕೈಯ ಹದಿಮೂರು ಎಲೆಗಳು ಆಗಲೂ ಇವೇ.